ಗಂಧ ಒಲ್ಲದ ಗಾಡಿ

ಆಯುಧಪೂಜೆ ಮುಗಿದು ನಾಲ್ಕು ದಿನವಾಗಿದ್ದರೂ ನನ್ನ ಬೆರಳುಗಳ ಜಾರುತನ ಇನ್ನೂ ಹೋಗಿಲ್ಲ. ಇಂದು ಬೆಳಿಗ್ಗೆ ಕಾಫಿ ಲೋಟ ಕೈಯಿಂದ ನುಣುಚಿಕೊಂಡು ದಿನಪತ್ರಿಕೆಯ ಮೇಲೆ ಮಲಗಿತು. ಇದಕ್ಕೆಲ್ಲ ಕಾರಣ ನನ್ನ ಷಡ್ಡಕರು, ಅಂದರೆ ನನ್ನ ಹೆಂಡತಿಯ ಅಕ್ಕನ ಯಜಮಾನರು, ಮತ್ತು ಅವರ ಚೀಲದಲ್ಲಿ ಸದಾ ಇರುವ ಒಂದು ಬಿಳಿಯ ಬಾಟಲಿ.

ಭಾವನವರು ನಮ್ಮ ಮೈಸೂರಿನ ಹೆಬ್ಬಾಳದ ಕೈಗಾರಿಕಾ ಪ್ರದೇಶದಲ್ಲಿ ರಬ್ಬರು ಸಾಮಾನು ತಯಾರಿಸುವ ಒಂದು ಕಾರ್ಖಾನೆಯಲ್ಲಿದ್ದು ನಿವೃತ್ತರಾದವರು. ಬಿಸಿ ಅಚ್ಚಿಗೆ ರಬ್ಬರು ಅಂಟಿಕೊಳ್ಳದೆ ಬಿಟ್ಟು ಬರಲೆಂದು, ನೀರಿನಲ್ಲಿ ಕಡೆದು ಹಾಲಿನಂತಾದ ಸಿಲಿಕೋನ್ ಎಣ್ಣೆಯನ್ನು ಅಚ್ಚಿಗೆ ಸಿಂಪಡಿಸುವ ವಿಭಾಗದ ಮೇಲ್ವಿಚಾರಣೆ ಅವರದಾಗಿತ್ತು. ನಿವೃತ್ತಿಯ ದಿನ ಉಳಿದವರು ಶಾಲು, ಹಾರ, ಗೋಡೆ ಗಡಿಯಾರ ಹಿಡಿದು ಮನೆಗೆ ಹೋಗುತ್ತಾರೆ. ಇವರು ಅವುಗಳ ಜೊತೆಗೆ ಒಂದು ಧರ್ಮವನ್ನೂ ತಂದರು. ಯಾರ ಮನೆಗೆ ಹೋದರೂ ಚಪ್ಪಲಿ ಬಿಡುವ ಮೊದಲೇ ತಲೆಯನ್ನು ಒಂದು ಕಡೆಗೆ ವಾಲಿಸಿ, ಎಲ್ಲಿಂದ ಕಿರ್ ಸದ್ದು ಬರುತ್ತಿದೆಯೆಂದು ಆಲಿಸುತ್ತಾರೆ. ಆಮೇಲೆ, "ಇದಕ್ಕೆ ಎರಡು ಹನಿ ಬಿಟ್ಟರೆ ಸರಿಹೋಗುತ್ತೆ ಕಣ್ರೀ" ಎನ್ನುತ್ತಾರೆ. ಆ ಎರಡು ಹನಿ ಎಂದೂ ಎರಡಾಗಿದ್ದನ್ನು ನಾನು ಕಂಡಿಲ್ಲ.

ನಮ್ಮ ಮನೆಯ ಗೇಟಿನ ತಿರುಗಣಿ, ಬಚ್ಚಲ ಬಾಗಿಲ ಚಿಲಕ, ಮೂರು ತಿಂಗಳಿಂದ ಒಗೆದ ಬಟ್ಟೆ ಒಣಹಾಕಲು ಮಾತ್ರ ಬಳಕೆಯಾಗುತ್ತಿರುವ ನಡಿಗೆಯ ಯಂತ್ರದ ಪಟ್ಟಿ, ಎಲ್ಲವೂ ಈ ಅಭಿಷೇಕವನ್ನು ಪಡೆದಿವೆ. ಯಂತ್ರದ ಪಟ್ಟಿಗೆ ಹಾಕಬೇಕಾದದ್ದು ಅದೇ ಎಣ್ಣೆಯೆಂಬುದನ್ನು ನ್ಯಾಯವಾಗಿ ಒಪ್ಪಬೇಕು. ಆದರೆ ಕುಕ್ಕರಿನ ಗ್ಯಾಸ್ಕೆಟ್ಟನ್ನು ಒಂದು ರಾತ್ರಿ ಅದರಲ್ಲಿ ನೆನೆಹಾಕಿದ್ದನ್ನು ಹೇಗೆ ಒಪ್ಪುವುದು? ಅದು ಸಿಲಿಕೋನ್ ರಬ್ಬರಿನದು. ತನ್ನ ಕುಲದ ಎಣ್ಣೆಯನ್ನು ಕಂಡೊಡನೆ ಕುಡಿದು ಊದಿಕೊಳ್ಳುವುದು ಅದರ ಗುಣ. ಬೆಳಿಗ್ಗೆ ಮುಚ್ಚಳ ಕೂರಲೇ ಇಲ್ಲ. ಭಾನುವಾರದ ಬಿಸಿಬೇಳೆ ಬಾತು ಮೊಸರನ್ನವಾಗಿ ಮುಗಿಯಿತು.

ಆಯುಧಪೂಜೆಯ ಹಿಂದಿನ ಸಂಜೆ ಅವರು ಬಂದಾಗ ನಾನು ಸ್ಕೂಟರನ್ನು ತೊಳೆದು ಒರೆಸುತ್ತಿದ್ದೆ. ಐದು ನಿಮಿಷ ಒಳಗೆ ಹೋಗಿ ಬರುವಷ್ಟರಲ್ಲಿ ಅವರು ಗಾಡಿಯ ಮೈ, ಸೀಟು, ಕಾಲಿಡುವ ಜಾಗ, ಟೈರಿನ ಪಕ್ಕೆ ಎಲ್ಲಕ್ಕೂ ಬಾಟಲಿಯ ಎಣ್ಣೆಯನ್ನು ಬಟ್ಟೆಯಲ್ಲಿ ತೀಡಿದ್ದರು. ಬ್ರೇಕಿಗೆ ಮಾತ್ರ ಮುಟ್ಟಿಸಿರಲಿಲ್ಲ ಎಂಬುದರಿಂದಲೇ ಈ ಬರಹವನ್ನು ಬರೆಯಲು ನಾನು ಉಳಿದಿದ್ದೇನೆ. ಗಾಡಿ ಹೊಳೆಯುತ್ತಿದ್ದದ್ದು ನಿಜ. ಹತ್ತು ವರ್ಷದ ಸ್ಕೂಟರು ದಸರಾ ಆನೆಯಂತೆ ಮಿರಮಿರ ಮಿಂಚುತ್ತಿತ್ತು. ಹಿಂದಿನ ನಂಬರ್ ಪ್ಲೇಟಿನ ಬಳಿಗೆ ಬರುವಾಗ ಎಣ್ಣೆ ಮುಗಿದುಹೋದದ್ದರಿಂದ ಅದೊಂದು ಉಳಿಯಿತು.

ಮರುದಿನ ಬೆಳಿಗ್ಗೆ ಅಮ್ಮ ಗಂಧ ತೇಯ್ದುಕೊಂಡು ಬಂದರು. ಹೆಡ್‌ಲೈಟಿನ ಮೇಲೆ ಮೂರು ಬೆರಳಿನಿಂದ ಪಟ್ಟೆ ಎಳೆದರು. ಆ ಮೂರು ಪಟ್ಟೆಗಳೂ ಒಂದು ಕ್ಷಣ ನಿಂತು, ಯೋಚಿಸಿ, ಅಲ್ಲಲ್ಲೇ ಮುದುಡಿ, ಮುತ್ತಿನ ಸಾಲಿನಂತಾಗಿ, ಒಂದರ ಹಿಂದೊಂದು ಕೆಳಗಿಳಿದು ಮಡ್‌ಗಾರ್ಡಿನ ತುದಿಯಿಂದ ನೆಲಕ್ಕೆ ತೊಟ್ಟಿಕ್ಕಿದವು. ಅಮ್ಮ ಮತ್ತೆ ಎಳೆದರು. ಗಂಧ ಮತ್ತೆ ಇಳಿಯಿತು. ಅದರ ಮೇಲಿಟ್ಟ ಕುಂಕುಮವು ತೆಪ್ಪದ ಮೇಲಿನ ಪ್ರಯಾಣಿಕನಂತೆ ಕೂತು ಜೊತೆಯಲ್ಲೇ ಹೋಯಿತು. ಬಾಳೆಕಂದನ್ನು ಹ್ಯಾಂಡಲಿಗೆ ಅಂಟಿಸಲು ತಂದ ಟೇಪು, ಅಂಟುವ ಶಾಸ್ತ್ರ ಮಾಡಿ ಸುರುಳಿ ಸುತ್ತಿಕೊಂಡಿತು. ಸೀಟಿನ ಮೇಲಿಟ್ಟ ಚೆಂಡುಹೂವಿನ ಹಾರ ತಾನಾಗಿ ಜಾರಿ ಸೈಲೆನ್ಸರಿನ ಮೇಲೆ ಬಿತ್ತು. ಅಮ್ಮನ ಮುಖ ಬಾಡಿತು. "ಯಾಕೋ ಮಗ, ಗಾಡಿ ಗಂಧ ಒಲ್ಲೆ ಅಂತಿದೆ. ಯಾರ ಮನೆ ಸಾವಿಗೆ ಹೋಗಿ ಬಂದು ತೊಳೀದೆ ಬಿಟ್ಟಿದ್ದೀಯ?" ಎಂದರು.

ತೊಳೆದರೆ ಹೋಗುವ ಎಣ್ಣೆಯಾಗಿದ್ದರೆ ನಾನೇಕೆ ಕೊರಗುತ್ತಿದ್ದೆ! ಸೀಗೆಪುಡಿ ಆಯಿತು, ಹುಣಸೆಹಣ್ಣು ಆಯಿತು, ಪಾತ್ರೆ ಉಜ್ಜುವ ಸೋಪೂ ಆಯಿತು. ಸಿಲಿಕೋನ್ ಎಣ್ಣೆ ನೀರಿಗೂ ಬಗ್ಗುವುದಿಲ್ಲ, ಆಲ್ಕೋಹಾಲಿಗೂ ಬಗ್ಗುವುದಿಲ್ಲ. ಟಾಲೂಯೀನ್, ಪೆಟ್ರೋಲಿನಂಥ ದ್ರಾವಕಗಳಿಗೆ ಮಾತ್ರ ಕರಗುತ್ತದೆ, ಆದರೆ ಅವುಗಳಿಂದ ಉಜ್ಜಿದರೆ ಗಾಡಿಯ ಬಣ್ಣಕ್ಕೇ ಸಂಚಕಾರ.

ಭಾವನವರು ಮಾತ್ರ ಪಡಸಾಲೆಯಲ್ಲಿ ಕೂತು, ಇದು ತಮ್ಮ ಎಣ್ಣೆಯ ಗೆಲುವೆಂಬಂತೆ ವಿವರಿಸತೊಡಗಿದರು. ನಮ್ಮ ಅಡುಗೆ ಎಣ್ಣೆಗಳ ಬೆನ್ನೆಲುಬು ಇಂಗಾಲದ ಸರಪಣಿಯಾದರೆ, ಇದರದು ಸಿಲಿಕಾನ್ ಮತ್ತು ಆಮ್ಲಜನಕ ಒಂದರ ಪಕ್ಕ ಒಂದು ಕೈಹಿಡಿದು ನಿಂತ ಸರಪಣಿ. ಹೊರಮೈಗೆ ಮಿಥೈಲ್ ಗುಂಪುಗಳ ಹೊದಿಕೆ. ನೀರಿನ ಮೇಲ್ಮೈ ಎಳೆತ ಮೀಟರಿಗೆ 72 ಮಿಲಿನ್ಯೂಟನ್ ಇದ್ದರೆ ಇದರದು ಸುಮಾರು 21 ಮಾತ್ರ. ಆದ್ದರಿಂದ ಇದು ಎಲ್ಲದರ ಮೇಲೂ ತೆಳುವಾಗಿ ಹರಡಿ ಕೂರುತ್ತದೆ, ಇದರ ಮೇಲೆ ನೀರಿನ ಅಂಶವಿರುವ ಯಾವುದೂ ಹರಡಲಾರದು. ಮೈನಸ್ 40 ಡಿಗ್ರಿಯ ಚಳಿಯಲ್ಲೂ ಹರಿಯುತ್ತದೆ. ಬಿಸಿಯಾದರೂ ಇತರ ಎಣ್ಣೆಗಳಂತೆ ಬೇಗ ತೆಳುವಾಗುವುದಿಲ್ಲ. ನಡುವೆ ನಾನು ಬಾಯಿತಪ್ಪಿ "ಸಿಲಿಕಾನ್ ಎಣ್ಣೆ" ಎಂದೆ. "ಸಿಲಿಕಾನ್ ಅಂದರೆ ಕಂಪ್ಯೂಟರಿನ ಚಿಪ್ಪು ಕಣ್ರೀ, ಇದು ಸಿಲಿಕೋನ್" ಎಂದು ಎಂಟನೆಯ ಸಲ ತಿದ್ದಿದರು.

ಈ ವಂಶದ ಮೂಲಪುರುಷ ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನ ಪ್ರೊಫೆಸರ್ ಫ್ರೆಡರಿಕ್ ಕಿಪ್ಪಿಂಗ್. ಹಲವು ದಶಕ ಇದರ ಹಿಂದೆ ಬಿದ್ದಿದ್ದ ಆತ, 1937ರ ಒಂದು ಉಪನ್ಯಾಸದಲ್ಲಿ, ಈ ಕ್ಷೇತ್ರದಲ್ಲಿ ಸದ್ಯಕ್ಕೆ ದೊಡ್ಡ ಪ್ರಗತಿಯ ಭರವಸೆಯೇನೂ ಕಾಣದು ಎಂದುಬಿಟ್ಟರಂತೆ. ಮೂರೇ ವರ್ಷದಲ್ಲಿ, 1940ರಲ್ಲಿ, ಅಮೆರಿಕದ ಯೂಜೀನ್ ರೋಚೋ ಇದರ ಮೂಲವಸ್ತುವನ್ನು ಕಾರ್ಖಾನೆಯ ಪ್ರಮಾಣದಲ್ಲಿ ತಯಾರಿಸುವ ದಾರಿ ಕಂಡುಹಿಡಿದರು. ಕಿಪ್ಪಿಂಗ್ ಮಾತಿಗೆ ಎಲ್ಲರೂ ಬೆಲೆ ಕೊಟ್ಟಿದ್ದರೆ ನನ್ನ ಗಾಡಿಗೆ ಗಂಧ ಹಿಡಿಯುತ್ತಿತ್ತು. ಅದೇ 1937ರಲ್ಲಿ ನಮ್ಮ ನಾಲ್ವಡಿಯವರು ಮೈಸೂರಿನಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆಯನ್ನು ತೆರೆದರು. 1962ರ ಚುನಾವಣೆಯಿಂದೀಚೆಗೆ ಮತದಾರರ ಬೆರಳಿಗೆ ಬಳಿಯುವ, ಅಳಿಸಲಾಗದ ಶಾಯಿ ಬರುವುದು ಅಲ್ಲಿಂದಲೇ. ಹಚ್ಚಿದ ಗುರುತು ಹೋಗಬಾರದೆಂದು ಇಷ್ಟೊಂದು ಶ್ರಮಿಸಿದ ಊರಿನಲ್ಲಿ ಒಂದು ತಿಲಕ ನಿಲ್ಲುವುದಿಲ್ಲವೆಂದರೆ ಏನರ್ಥ?

ಮಧ್ಯಾಹ್ನ ಹೋಳಿಗೆ ಊಟದ ನಂತರ ಹೊಟ್ಟೆಯುಬ್ಬರಕ್ಕೆಂದು ನಾನು ಗ್ಯಾಸಿನ ಮಾತ್ರೆ ಚಪ್ಪರಿಸುತ್ತಿದ್ದಾಗ ಭಾವನವರು ಅದರ ಹಾಳೆಯನ್ನು ಕಿತ್ತುಕೊಂಡು, ಸಿಮೆಥಿಕೋನ್ ಎಂಬ ಹೆಸರಿನ ಮೇಲೆ ಬೆರಳಿಟ್ಟರು. ಇದೇ ಎಣ್ಣೆಗೆ ನುಣುಪಾದ ಸಿಲಿಕಾ ಪುಡಿ ಸೇರಿಸಿದ್ದಂತೆ. ಹೊಟ್ಟೆಯ ಗುಳ್ಳೆಗಳ ಗೋಡೆಯನ್ನು ತೆಳುಮಾಡಿ ಒಡೆಯುವುದು ಇದರ ಕೆಲಸ. ದೊಡ್ಡ ಬಾಣಲೆಗಳ ಎಣ್ಣೆ ನೊರೆಯೇಳದಿರಲೆಂದು ಇದನ್ನೇ ಕಿಲೋಗೆ 10 ಮಿಲಿಗ್ರಾಮ್ ಮೀರದಂತೆ ಬೆರೆಸುವುದುಂಟಂತೆ. "ನೀವು ಬೈತಿರೋ ಎಣ್ಣೆಯನ್ನೇ ನುಂಗ್ತಾ ಇದ್ದೀರಲ್ರೀ" ಎಂದು ನಕ್ಕರು.

ಅಷ್ಟು ಹೊತ್ತು ಸುಮ್ಮನಿದ್ದ ಅಮ್ಮ, ನೊರೆಯೆಂಬ ಮಾತು ಕೇಳಿದೊಡನೆ, "ನಮ್ಮ ಆಲೆಮನೇಲಿ ಅದಕ್ಕೆ ಹರಳೆಣ್ಣೆ ಹಾಕ್ತಿದ್ರು" ಎಂದರು. ನನಗೂ ನೆನಪಾಯಿತು. ಮಂಡ್ಯದ ಕಡೆಯ ನಮ್ಮೂರಿನಲ್ಲಿ, ಕೊಪ್ಪರಿಗೆಯ ಕಬ್ಬಿನ ಹಾಲು ಉಕ್ಕಿ ಅಂಚಿನವರೆಗೆ ಬಂದಾಗ ತಾತ ತೆಂಗಿನ ಚಿಪ್ಪಿನಿಂದ ಒಂದಿಷ್ಟು ಹರಳೆಣ್ಣೆ ಚಿಮುಕಿಸುತ್ತಿದ್ದರು. ಬುಸುಗುಟ್ಟುತ್ತಿದ್ದ ಹೊನ್ನಿನ ಬಣ್ಣದ ನೊರೆ, ಗದರಿಸಿದ ಮಗುವಿನಂತೆ ತಣ್ಣಗೆ ಕೆಳಗಿಳಿಯುತ್ತಿತ್ತು. ಆ ಬೆಲ್ಲದ ಹಬೆಯಲ್ಲಿ ನಿಂತ ತಾತನ ತೋಳು ಕೂಡ ಎಣ್ಣೆಯಿಂದ ಮಿನುಗುತ್ತಿತ್ತು. ಸಂಜೆ ಕಡಲೆಹಿಟ್ಟು ಹಚ್ಚಿ ತೊಳೆದರೆ ಹೋಗುತ್ತಿತ್ತು. ಆಲೆಮನೆ ಇದ್ದ ಜಾಗದಲ್ಲಿ ಈಗ ಸೈಟುಗಳ ಕಲ್ಲು ನೆಟ್ಟಿದ್ದಾರೆ. ಅಮ್ಮ ಸ್ವಲ್ಪ ಹೊತ್ತು ಬೇರೆ ಮಾತಾಡಲಿಲ್ಲ. ಭಾವನವರೂ ಬಾಟಲಿಯನ್ನು ಚೀಲಕ್ಕೆ ಹಾಕಿದರು.

ಸಂಜೆ ದೀಪಾಲಂಕಾರ ನೋಡಲು ಕುವೆಂಪುನಗರದಿಂದ ಹೊರಟೆವು. ನಯವಾದ ಆ ಸೀಟಿನ ಮೇಲೆ, ಬ್ರೇಕು ಹಾಕಿದಾಗಲೆಲ್ಲ ಹೆಂಡತಿ ಹಿಂದಿನಿಂದ ಜಾರಿ ಬಂದು ನನ್ನನ್ನು ಹ್ಯಾಂಡಲಿಗೆ ಒತ್ತುತ್ತಿದ್ದಳು; ಹೊರಟಾಗಲೆಲ್ಲ ನಾವಿಬ್ಬರೂ ಹಿಂದಕ್ಕೆ ಸರಿಯುತ್ತಿದ್ದೆವು. ಬಲ್ಲಾಳ್ ವೃತ್ತ ಮುಟ್ಟುವಷ್ಟರಲ್ಲಿ ಮಾತು ನಿಂತಿತ್ತು. ಅದರ ಮುಂದಿನ ಸಿಗ್ನಲ್ಲಿನಲ್ಲಿ ಸಂಚಾರಿ ಪೊಲೀಸರು ಕೈ ಅಡ್ಡ ಹಿಡಿದರು. "ನಂಬರ್ ಎಲ್ಲಿ ಸಾರ್?" ಎಂದರು.

ಇಳಿದು ನೋಡಿದೆ. ಇಡೀ ಗಾಡಿಯಲ್ಲಿ ಎಣ್ಣೆ ಸೋಕದ ಜಾಗ ಅದೊಂದೇ ಎಂದು ಅಮ್ಮ ಪತ್ತೆಹಚ್ಚಿ, ಬೆಳಗಿನಿಂದ ಉಳಿದಿದ್ದ ಅಷ್ಟೂ ಗಂಧ, ಅರಿಶಿನ, ಕುಂಕುಮವನ್ನು ಅಲ್ಲಿ ಬಳಿದಿದ್ದರು. ಕೆಎ 09 ಎಂಬುದನ್ನು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಬೆರಳಿನಿಂದ ಉಜ್ಜಿದೆ, ನೀರು ಹಾಕಿದೆ. ಒಣಗಿ ಹಿಡಿದುಕೊಂಡಿದ್ದ ಅದು ಕದಲಲಿಲ್ಲ. ಡಿಕ್ಕಿ ತೆರೆದು ಕೈಗೆ ಸಿಕ್ಕಿದ ಬಟ್ಟೆಯಿಂದ ಒರೆಸಿದಾಗ ಮಾತ್ರ ಸಲೀಸಾಗಿ ಬಂತು.

"ಪರವಾಗಿಲ್ಲ ಸಾರ್, ಒಳ್ಳೆ ಪಾಲಿಶ್ ಬಟ್ಟೆ ಇಟ್ಕೊಂಡಿದ್ದೀರ" ಎಂದರು ಪೊಲೀಸರು. ನಂಬರ್ ಪ್ಲೇಟು ಬೀದಿದೀಪದಲ್ಲಿ ಮಿರಮಿರ ಮಿಂಚುತ್ತಿತ್ತು.