ಬತ್ತಿ ಸೀಯುವ ಮೊದಲು

ಸಿಗರೇಟು ಬಿಟ್ಟು ಇ-ಸಿಗರೇಟಿಗೆ ಬಂದ ಮೊದಲ ವಾರದಲ್ಲೇ ನಾನು ಎರಡು ಕಾಯಿಲ್ (ದ್ರವವನ್ನು ಕಾಯಿಸಿ ಆವಿ ಮಾಡುವ ಪುಟ್ಟ ಬಿಡಿಭಾಗ) ಸುಟ್ಟೆ. ಎರಡೂ ಹೊಚ್ಚಹೊಸವು. ಟ್ಯಾಂಕಿಗೆ ದ್ರವ ತುಂಬಿಸಿದೆ, ಬಟನ್ ಒತ್ತಿ ಎಳೆದೆ, ಗಂಟಲಿಗೆ ಬಂದದ್ದು ಬಟ್ಟೆ ಸುಟ್ಟಂಥ ಘಾಟು. ಸಾಮಾನೇ ಸರಿ ಇಲ್ಲ ಅಂದುಕೊಂಡೆ. ನನಗಿಂತ ಎಷ್ಟೋ ವರ್ಷ ಮೊದಲೇ ಹೊರನಾಡಿಗೆ ಬಂದು ನೆಲೆಸಿದ್ದ ಕನ್ನಡದ ಗೆಳೆಯನೊಬ್ಬ ಸುಟ್ಟ ಕಾಯಿಲನ್ನು ಬೆಳಕಿಗೆ ಹಿಡಿದು ನೋಡಿದ. "ಕಾಯಿಲ್ ತಪ್ಪಲ್ಲ ಮಾರಾಯ. ಬತ್ತಿ ಇನ್ನೂ ಒಣಗೇ ಇದೆ, ನೀನು ಆಗ್ಲೇ ಬೆಂಕಿ ಕೊಟ್ಟಿದ್ದೀಯ" ಅಂದ.

ಬತ್ತಿ ಅನ್ನುವ ಆ ಒಂದು ಮಾತಿಗೆ ನನಗೆ ಎಲ್ಲ ಅರ್ಥವಾಯಿತು. ಅಲ್ಲಿಯ ತನಕ ಅಟಾಮೈಸರ್, ಅಂದರೆ ಟ್ಯಾಂಕೂ ಕಾಯಿಲೂ ಸೇರಿದ ಭಾಗ, ಒಳಗೆ ಏನೋ ಎಲೆಕ್ಟ್ರಾನಿಕ್ಸ್ ಇರುವ ಡಬ್ಬಿ ಅಂತ ತಿಳಿದಿದ್ದೆ. ನಿಜ ನೋಡಿದರೆ ಅದೊಂದು ಪುಟ್ಟ ದೀಪದ ಹಾಗೆ. ಎಣ್ಣೆಯ ಜಾಗದಲ್ಲಿ ದ್ರವ, ನಡುವೆ ಹತ್ತಿಯ ಬತ್ತಿ, ಉರಿಯ ಜಾಗದಲ್ಲಿ ಬಿಸಿಯಾಗುವ ತಂತಿಯ ಸುರುಳಿ.

ಮುಂದೆ ಹೋಗುವ ಮೊದಲು ಎರಡು ಮಾತು. ಭಾರತದಲ್ಲಿ 2019ರ ಕಾಯ್ದೆಯ ಪ್ರಕಾರ ಇ-ಸಿಗರೇಟಿನ ತಯಾರಿಕೆ, ಆಮದು, ಮಾರಾಟ, ಸಂಗ್ರಹ, ಜಾಹೀರಾತು ಎಲ್ಲಕ್ಕೂ ನಿಷೇಧವಿದೆ. ಹಾಗಾಗಿ ಇದು ಕಾನೂನು ಒಪ್ಪುವ ದೇಶಗಳಲ್ಲಿದ್ದು, ಈಗಾಗಲೇ ಇದನ್ನು ಬಳಸುತ್ತಿರುವ ದೊಡ್ಡವರಿಗಾಗಿ ಬರೆದದ್ದು. ಊರಿಗೆ ಹೊರಟಾಗ ಇದನ್ನು ಚೀಲದಲ್ಲಿ ಹಾಕಿಕೊಳ್ಳಬೇಡಿ. ಸಿಗರೇಟನ್ನೇ ಸೇದದವರು ಇದರ ಹತ್ತಿರವೂ ಬರಬೇಡಿ. ನಿಕೋಟಿನ್ ಚಟ ಹಿಡಿಸುವ ವಸ್ತು. ಒಮ್ಮೆ ಹಿಡಿದರೆ ಬಿಡುವುದು ಎಷ್ಟು ಕಷ್ಟ ಅಂತ ನಾನು ಅನುಭವಿಸಿದ್ದೇನೆ.

ಇಷ್ಟು ವರ್ಷದಲ್ಲಿ ನಾನು ಕಂಡವರಲ್ಲಿ ಎರಡು ಬಗೆ. ಕೆಲವರು ಎಸೆಯುವವರು. ರುಚಿ ಸ್ವಲ್ಪ ಕೆಟ್ಟರೆ ಸಾಕು, ಕಾಯಿಲ್ ಕಸಕ್ಕೆ. ಇನ್ನು ಕೆಲವರು ತೊಳೆಯುವವರು. ಕಪ್ಪಾದ ಕಾಯಿಲನ್ನು ಬಿಸಿನೀರಲ್ಲಿ ಅದ್ದುತ್ತಾರೆ, ಆಲ್ಕೋಹಾಲಲ್ಲಿ ರಾತ್ರಿಯಿಡೀ ನೆನೆಹಾಕುತ್ತಾರೆ, ಬಾಯಿಂದ ಊದುತ್ತಾರೆ, ಮತ್ತೆ ಹಾಕಿ ನೋಡುತ್ತಾರೆ. ನಾನು ಮನಸ್ಸಿನಿಂದ ಎರಡನೆಯ ಗುಂಪಿನವನು. ರಿಪೇರಿ ಆಗುವುದನ್ನು ಎಸೆಯಲು ನನ್ನ ಕೈ ಬರುವುದಿಲ್ಲ. ಆದರೂ ಈಗ ನನಗೆ ಅನ್ನಿಸುವುದೇ ಬೇರೆ. ಕಾಯಿಲ್ ಬಾಳಿಕೆ ಬರುವುದು ಆಮೇಲೆ ತೊಳೆಯುವುದರಿಂದ ಅಲ್ಲ, ಮೊದಲ ದಿನದಿಂದ ಅದನ್ನು ಬಳಸುವ ರೀತಿಯಿಂದ.

ತೊಳೆಯುವ ಸಲಹೆ ಎಲ್ಲಿಂದ ಬಂತು ಅಂತ ಹುಡುಕಿದಾಗ ನನಗೆ ಉತ್ತರ ಸಿಕ್ಕಿದ್ದು ಹಳೆಯ ಅಟಾಮೈಸರ್‌ಗಳಲ್ಲಿ. ಇಂದಿನ ಇ-ಸಿಗರೇಟಿಗೆ ದಾರಿ ಮಾಡಿದವರು ಚೀನಾದ ಫಾರ್ಮಸಿಸ್ಟ್ ಹೋನ್ ಲಿಕ್, 2003ರ ಹೊತ್ತಿಗೆ. ಅದರ ನಂತರ ಬಂದ ಮೊದಮೊದಲ ಮಾದರಿಗಳಲ್ಲಿ ಹತ್ತಿ ಇರಲಿಲ್ಲ. ಲೋಹದ ಜಾಲರಿ, ಸಿಲಿಕಾ ದಾರ ಇರುತ್ತಿದ್ದವು. ಸಿಲಿಕಾ ಅಂದರೆ ಗಾಜಿನ ಜಾತಿಯ ನಾರು. ತಂತಿ ಕೆಂಪಗೆ ಕಾದರೂ ಅದು ಸುಡುವುದಿಲ್ಲ. ಆದ್ದರಿಂದ ದ್ರವವನ್ನೆಲ್ಲ ತೆಗೆದು, ಒಣ ಕಾಯಿಲಿಗೆ ಕರೆಂಟು ಕೊಟ್ಟು, ಅಂಟಿದ ಜಿಡ್ಡನ್ನು ಸುಟ್ಟು ಬೂದಿ ಮಾಡಿ ತೊಳೆಯುವುದು ಆಗ ನಡೆಯುತ್ತಿತ್ತು. ಇದಕ್ಕೆ ಡ್ರೈ ಬರ್ನ್ ಅನ್ನುತ್ತಾರೆ. ಕುದಿಸಿದರೂ, ನೆನೆಹಾಕಿದರೂ, ಊದಿದರೂ ಆ ಜಾಲರಿ ತಡೆಯುತ್ತಿತ್ತು.

ಆಮೇಲೆ ಹತ್ತಿ ಬಂತು. ರುಚಿ ಚೆನ್ನಾಯಿತು, ದ್ರವ ಬೇಗ ಹೀರಿತು. ಸಲಹೆ ಮಾತ್ರ ಹಳೆಯದೇ ಉಳಿಯಿತು. ಹತ್ತಿ ಇರುವ ಕಾಯಿಲಿಗೆ ಒಣಗಿದ್ದಾಗ ಕರೆಂಟು ಕೊಟ್ಟರೆ ಜಿಡ್ಡಿನ ಜೊತೆ ಹತ್ತಿಯೂ ಸುಟ್ಟುಹೋಗುತ್ತದೆ. ಕುದಿಸಿದರೆ ನಾರು ಸಡಿಲವಾಗುತ್ತದೆ. ಹಳೆಯ ವಸ್ತುವಿನ ಔಷಧವನ್ನು ಹೊಸ ವಸ್ತುವಿಗೆ ಕುಡಿಸುತ್ತಿದ್ದೇವೆ, ಅಲ್ವಾ?

ನಾನು ಸುಮ್ನೆ ಹೇಳುತ್ತಿಲ್ಲ, ಮಾಡಿ ನೋಡಿದ್ದೇನೆ. ಒಂದೇ ಬಗೆಯ ಕಾಯಿಲುಗಳನ್ನು ಒಂದೇ ದ್ರವದಲ್ಲಿ ಬಳಸಿ, ಒಂದನ್ನು ಬಿಸಿನೀರಲ್ಲಿ ತೊಳೆದೆ, ಇನ್ನೊಂದನ್ನು ಆಲ್ಕೋಹಾಲಲ್ಲಿ ನೆನೆಸಿ ಆಮೇಲೆ ನೀರಲ್ಲಿ ಜಾಲಾಡಿದೆ. ನೀರು ಕಂದು ಬಣ್ಣಕ್ಕೆ ತಿರುಗಿದಾಗ ಖುಷಿಯಾಯಿತು. ಒಣಗಲು ಒಂದೂವರೆ ದಿನ ಬಿಟ್ಟೆ. ಮತ್ತೆ ಹಾಕಿದಾಗ ರುಚಿ ಎರಡು ದಿನ ಪರವಾಗಿಲ್ಲ ಅನ್ನುವಂತಿತ್ತು, ಮೂರನೆಯ ದಿನ ಅದೇ ಹಳೆಯ ಕಹಿ. ನೀರಿಗೆ ಬಿಟ್ಟದ್ದು ಹತ್ತಿಯಲ್ಲಿದ್ದ ಹಳೆಯ ದ್ರವ ಅಷ್ಟೇ. ತಂತಿಗೆ ಕಚ್ಚಿಕೊಂಡಿದ್ದ ಕಪ್ಪು ಪದರ ಹಾಗೇ ಇತ್ತು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗಾಯಿತು.

ಆಲ್ಕೋಹಾಲಲ್ಲಿ ನೆನೆಹಾಕುವವರಿಗೆ ಒಂದು ಎಚ್ಚರಿಕೆ ಹೇಳಲೇಬೇಕು. ಅದು ಬೆಂಕಿ ಹಿಡಿಯುವ ವಸ್ತು. ಒಳಗಿನ ಹತ್ತಿ ಪೂರ್ತಿ ಒಣಗುವ ಮೊದಲು ಕರೆಂಟು ಕೊಡಬಾರದು. ಮೇಲೆ ಒಣಗಿದಂತೆ ಕಂಡರೂ ಒಳಗೆ ತೇವ ಉಳಿದಿರುತ್ತದೆ.

ಹಾಗಾದರೆ ಕಾಯಿಲ್ ಸಾಯುವುದು ಯಾಕೆ? ಎರಡು ಕಾರಣ. ಒಂದು, ಬತ್ತಿ ಒಣಗುವುದು. ಪಾತ್ರೆಯಲ್ಲಿ ನೀರಿರುವ ತನಕ ತಳ ಸೀಯುವುದಿಲ್ಲ. ಇಲ್ಲೂ ಹಾಗೆಯೇ. ದ್ರವದಲ್ಲಿ ಮುಖ್ಯವಾಗಿ ಇರುವುದು ಪ್ರೊಪಿಲೀನ್ ಗ್ಲೈಕಾಲ್ ಮತ್ತು ಗ್ಲಿಸರಿನ್. ಮೊದಲನೆಯದು ಸುಮಾರು 188 ಡಿಗ್ರಿ ಸೆಲ್ಸಿಯಸ್‌ಗೆ ಕುದಿಯುತ್ತದೆ, ಎರಡನೆಯದು ಸುಮಾರು 290ಕ್ಕೆ. ತಂತಿಯ ಸುತ್ತ ದ್ರವ ಇರುವಷ್ಟು ಹೊತ್ತು ಬಿಸಿಯೆಲ್ಲ ಆವಿ ಮಾಡುವುದಕ್ಕೇ ಖರ್ಚಾಗುತ್ತದೆ. ದ್ರವ ಮುಗಿದ ಕ್ಷಣ ಬಿಸಿ ತಟಕ್ಕನೆ ಏರುತ್ತದೆ, ಹತ್ತಿ ಕರಕಲಾಗುತ್ತದೆ. ಕೆಡುವುದು ರುಚಿ ಮಾತ್ರವಲ್ಲ. ಗ್ಲಿಸರಿನ್ ಅತಿಯಾಗಿ ಕಾದರೆ ಅಕ್ರೋಲಿನ್ ಅನ್ನುವ, ಕಣ್ಣು ಗಂಟಲು ಉರಿಸುವ ವಿಷ ಹುಟ್ಟುತ್ತದೆ. ಆ ಘಾಟು ಬಂದಾಗ ಕೆಮ್ಮಿಕೊಂಡು ಮತ್ತೊಂದು ಸಲ ಎಳೆಯಬೇಡಿ.

ಎರಡನೆಯದು ಜಿಡ್ಡು. ಇದಕ್ಕೆ ದೊಡ್ಡ ಕಾರಣ ಸಿಹಿ. ಬಹಳ ದ್ರವಗಳಲ್ಲಿ ಸುಕ್ರಲೋಸ್ ಹಾಕಿರುತ್ತಾರೆ. ಅದು ಮಿಕ್ಕ ದ್ರವದ ಹಾಗೆ ಸುಲಭವಾಗಿ ಆವಿಯಾಗಿ ಹೋಗುವುದಿಲ್ಲ. ತಂತಿಯ ಮೇಲೆ ಉಳಿದು, ಕಾದು, ಕಪ್ಪಗೆ ಗಟ್ಟಿಯಾಗುತ್ತದೆ. ಆ ಪದರದ ಮೇಲೆ ಇನ್ನೊಂದು ಪದರ. ಕಡೆಗೆ ತಂತಿಗೂ ಬತ್ತಿಗೂ ನಡುವೆ ಗೋಡೆ ಎದ್ದ ಹಾಗೆ. ಕಡು ಬಣ್ಣದ, ಜಾಸ್ತಿ ಸಿಹಿಯ ದ್ರವ ಬಳಸುತ್ತಿದ್ದಾಗ ನನ್ನ ಕಾಯಿಲ್ ನಾಲ್ಕೈದು ದಿನಕ್ಕೆ ಕೈಕೊಡುತ್ತಿತ್ತು. ಸಿಹಿ ಇಲ್ಲದ ತಿಳಿ ದ್ರವಕ್ಕೆ ಬದಲಾದ ಮೇಲೆ ಅದೇ ಬಗೆಯ ಕಾಯಿಲ್ ಮೂರು ವಾರ ನಡೆಯಿತು. ತೊಳೆಯಲಿಲ್ಲ, ಬೇರೇನೂ ಮಾಡಲಿಲ್ಲ. ಬಾಳಿಕೆಗೆ ಒಂದೇ ಒಂದು ಸಲಹೆ ಕೊಡು ಅಂದರೆ ನಾನು ಇದನ್ನೇ ಕೊಡುತ್ತೇನೆ: ದ್ರವ ಬದಲಿಸಿ.

ದ್ರವ ಎಷ್ಟು ಗಟ್ಟಿ ಅನ್ನುವುದನ್ನೂ ನೋಡಿಕೊಳ್ಳಬೇಕು. ಗ್ಲಿಸರಿನ್ ಜಾಸ್ತಿ ಇದ್ದರೆ ದ್ರವ ಜೇನಿನ ಹಾಗೆ ನಿಧಾನ ಹರಿಯುತ್ತದೆ. ಚಿಕ್ಕ ಪಾಡ್‌ಗಳ (ಟ್ಯಾಂಕಿನ ಬದಲು ಇರುವ ಪುಟ್ಟ ಡಬ್ಬಿಗಳ) ಸಣ್ಣ ರಂಧ್ರದಲ್ಲಿ ಅದು ಸರಿಯಾಗಿ ಇಳಿಯದೆ ಬತ್ತಿ ಒಣಗುತ್ತದೆ. ಅಂಥವಕ್ಕೆ ಎರಡೂ ಅರ್ಧರ್ಧ ಇರುವ ದ್ರವ ಸರಿ. ನೂರಕ್ಕೆ 70 ಭಾಗ ಗ್ಲಿಸರಿನ್ ಇರುವುದನ್ನು ದೊಡ್ಡ ರಂಧ್ರದ ಟ್ಯಾಂಕಿಗೆ ಇಟ್ಟುಕೊಳ್ಳಿ. ತಿರುಗುಮುರುಗು ಮಾಡಿ ತೆಳು ದ್ರವವನ್ನು ದೊಡ್ಡ ರಂಧ್ರಕ್ಕೆ ಹಾಕಿದರೆ ಸೋರುತ್ತದೆ, ಗುಳುಗುಳು ಸದ್ದು ಮಾಡುತ್ತದೆ.

ಹೊಸ ಕಾಯಿಲ್ ಹಾಕುವಾಗ ಗೆಳೆಯ ಕಲಿಸಿದ್ದನ್ನು ಇವತ್ತಿಗೂ ಬಿಟ್ಟಿಲ್ಲ. ಹತ್ತಿ ಕಾಣುವ ಪಕ್ಕದ ತೂತುಗಳಿಗೆ ಎರಡು ಮೂರು ಹನಿ, ಮೇಲಿನಿಂದ ಒಂದೆರಡು ಹನಿ. ಆಮೇಲೆ ಟ್ಯಾಂಕ್ ತುಂಬಿಸಿ ಹತ್ತು ನಿಮಿಷ ಪಕ್ಕಕ್ಕಿಡುವುದು. ಬಟನ್ ಒತ್ತದೆ ಮೆಲ್ಲಗೆ ಎರಡು ಸಲ ಎಳೆಯುವುದು. ಕಾಯಿಲಿನ ಮೈಮೇಲೆ ಎಷ್ಟರಿಂದ ಎಷ್ಟು ವಾಟ್ ಅಂತ ಬರೆದಿರುತ್ತದೆ. ಅದರ ಕೆಳಗಿನ ಅಂಕಿಯಿಂದ ಶುರು ಮಾಡಿ ಒಂದೊಂದೇ ಏರಿಸುವುದು. ಮೇಲಿನ ಅಂಕಿ ಗುರಿಯಲ್ಲ, ಅದು ಗಡಿ. ಮತ್ತೆ, ಒಂದು ಸಲ ಎಳೆದ ಮೇಲೆ ಬತ್ತಿಗೆ ಉಸಿರು ತೆಗೆದುಕೊಳ್ಳಲು ಅರ್ಧ ನಿಮಿಷ ಕೊಡಬೇಕು. ಒಂದರ ಹಿಂದೊಂದು ಎಳೆಯುತ್ತಾ ಹೋದರೆ ದ್ರವ ತುಂಬಿದ ಟ್ಯಾಂಕಿನಲ್ಲೂ ಬತ್ತಿ ಒಣಗುತ್ತದೆ. ದ್ರವ ರಂಧ್ರದ ಮಟ್ಟಕ್ಕಿಂತ ಕೆಳಗಿಳಿಯುವ ಮೊದಲೇ ತುಂಬಿಸುವುದೂ ಇದೇ ಕಾರಣಕ್ಕೆ.

ತೊಳೆಯುವುದು ಪೂರ್ತಿ ವ್ಯರ್ಥ ಅಂತ ನಾನು ಹೇಳುತ್ತಿಲ್ಲ. ಜಾಗ ಬೇರೆ. ತೊಳೆಯಬೇಕಾದ್ದು ಟ್ಯಾಂಕ್, ಬಾಯಿಗಿಡುವ ತುದಿ, ಗಾಳಿ ಹೋಗುವ ದಾರಿ. ಹದಿನೈದು ದಿನಕ್ಕೊಮ್ಮೆ ಎಲ್ಲ ಬಿಚ್ಚಿ, ಕಾಯಿಲ್ ತೆಗೆದಿಟ್ಟು, ಬೆಚ್ಚಗಿನ ನೀರಲ್ಲಿ ತೊಳೆದು ಒಣಗಿಸಿ. ರಬ್ಬರ್ ರಿಂಗುಗಳನ್ನು ನೋಡಿ. ಬಿರುಕು ಬಿಟ್ಟಿದ್ದರೆ ಸೋರುವುದು ಅಲ್ಲಿಂದಲೇ. ಹಾಕುವಾಗ ಅದೇ ದ್ರವದ ಒಂದು ತೊಟ್ಟು ಸವರಿದರೆ ರಿಂಗು ಕಿತ್ತುಹೋಗುವುದಿಲ್ಲ. ಬ್ಯಾಟರಿ ಕೂಡುವ ಜಾಗಕ್ಕೆ ನೀರು ಬೇಡ, ಒಣ ಇಯರ್ ಬಡ್ ಸಾಕು. ಅಲ್ಲಿ ತೇವ ಕೂತರೆ ಸಾಧನ ಕಾಯಿಲನ್ನೇ ಗುರುತಿಸುವುದಿಲ್ಲ. ನನ್ನ ಗೆಳೆಯನ ಹೆಂಡತಿ ಅಂಥ ಒಂದು ಅಟಾಮೈಸರ್ ಎಸೆಯಲು ಹೊರಟಿದ್ದರು. ತಳದ ಪಿನ್ ಒರೆಸಿದ ಮೇಲೆ ಅದು ಇನ್ನೂ ಒಂದು ವರ್ಷ ನಡೆಯಿತು. ಟ್ಯಾಂಕ್ ಪ್ಲಾಸ್ಟಿಕ್ಕಿನದಾದರೆ ನಿಂಬೆ ಜಾತಿಯ, ದಾಲ್ಚಿನ್ನಿಯ ಪರಿಮಳದ ದ್ರವ ಹಾಕಬೇಡಿ. ಕೆಲವು ಪ್ಲಾಸ್ಟಿಕ್ ಅದರಿಂದ ಬಿರುಕು ಬಿಡುತ್ತದೆ. ಗಾಜಿಗೆ ಆ ಭಯವಿಲ್ಲ.

ಇವೆಲ್ಲದರ ಆಚೆ ಇನ್ನೊಂದು ದಾರಿಯಿದೆ. ನನಗೆ ಅತ್ಯಂತ ಪ್ರೀತಿಯದು ಅದೇ: ಬತ್ತಿ, ತಂತಿ ಎರಡನ್ನೂ ನಾವೇ ಹಾಕಿಕೊಳ್ಳುವ ಅಟಾಮೈಸರ್. ಇಲ್ಲಿ ಎಸೆಯುವುದು ಚೂರು ಹತ್ತಿ ಮಾತ್ರ. ತಂತಿ ವಾರಗಟ್ಟಲೆ ಉಳಿಯುತ್ತದೆ, ಲೋಹದ ದೇಹ ವರ್ಷಗಟ್ಟಲೆ. ಹತ್ತಿ ತೆಗೆದ ಮೇಲೆ ತಂತಿಯನ್ನು ನೀರಲ್ಲಿ ಮೆತ್ತಗೆ ಬ್ರಷ್ ಮಾಡಬಹುದು. ಹಳೆಯ ಡ್ರೈ ಬರ್ನ್ ಬಳಸುವವರು ಈಗಲೂ ಇರುವುದು ಇಲ್ಲೇ. ನಾನು ಅದನ್ನು ಬಿಟ್ಟಿದ್ದೇನೆ. ಪದೇ ಪದೇ ಕೆಂಪಗೆ ಕಾಸಿದ ತಂತಿಯಿಂದ ಬರುವುದನ್ನು ಉಸಿರಲ್ಲಿ ಎಳೆದುಕೊಳ್ಳಲು ನನಗೆ ಮನಸ್ಸಿಲ್ಲ. ನಿಕ್ಕಲ್, ಟೈಟಾನಿಯಂ ತಂತಿಗಳನ್ನಂತೂ ಯಾವತ್ತೂ ಕೆಂಪಾಗಿಸಬಾರದು. ಟೈಟಾನಿಯಂ ಹೊತ್ತಿಕೊಳ್ಳಲೂಬಹುದು. ಹೆಚ್ಚು ಬಿಸಿ ತಡೆಯುವ ಕಾಂತಾಲ್ ಅನ್ನುವ ಮಿಶ್ರಲೋಹದ ತಂತಿಯೇ ಆದರೂ ಜಿಡ್ಡು ಹೋಗದಿದ್ದರೆ ಹೊಸದು ಸುತ್ತಿ. ಒಂದು ಗೇಣು ತಂತಿ ಸಾಕು.

ಆದರೆ ಈ ದಾರಿ ಎಲ್ಲರಿಗೂ ಅಲ್ಲ ಅನ್ನುವುದನ್ನು ಒತ್ತಿ ಹೇಳುತ್ತೇನೆ. ಸುರುಳಿಯ ರೆಸಿಸ್ಟೆನ್ಸ್, ಅಂದರೆ ಕರೆಂಟಿಗೆ ಅದು ಒಡ್ಡುವ ತಡೆ, ಲೆಕ್ಕ ಹಾಕಲು ಗೊತ್ತಿರಬೇಕು. 3.7 ವೋಲ್ಟಿನ ಬ್ಯಾಟರಿಗೆ 1 ಓಮ್ ತಂತಿ ಹಾಕಿದರೆ 3.7 ಆಂಪಿಯರ್ ಹರಿಯುತ್ತದೆ. 0.2 ಓಮ್ ಆದರೆ 18.5. ಎಲ್ಲ ಬ್ಯಾಟರಿಯೂ ಅದನ್ನು ತಡೆಯುವುದಿಲ್ಲ. ಸುರುಳಿಯ ಕಾಲು ಅಟಾಮೈಸರಿನ ಮೈಗೆ ತಾಗಿದರೆ ಶಾರ್ಟ್ ಸರ್ಕ್ಯೂಟ್. ಸುತ್ತಿದ ಮೇಲೆ ಮೀಟರಿನಲ್ಲಿ ಅಳೆಯದೆ ಬಟನ್ ಒತ್ತಬೇಡಿ. ಲೆಕ್ಕ ಬೇಡ ಅನ್ನುವವರು ಸಿದ್ಧ ಕಾಯಿಲನ್ನೇ ಬಳಸಿ, ಮೇಲೆ ಹೇಳಿದ ಹಾಗೆ ನೋಡಿಕೊಳ್ಳಿ. ಅದರಲ್ಲಿ ಕಡಿಮೆ ಏನಿಲ್ಲ.

ಎಸೆಯುವವರ ರೀತಿಯ ಬಗ್ಗೆ ನನಗೆ ನಿಜವಾಗಿ ಸಂಕಟವಾಗುವುದು ಪೂರ್ತಿ ಸಾಧನವನ್ನೇ ಒಮ್ಮೆ ಬಳಸಿ ಎಸೆಯುವಾಗ. ಅದರೊಳಗೆ ಲಿಥಿಯಂ ಬ್ಯಾಟರಿ ಇರುತ್ತದೆ. ಕಸದ ಗಾಡಿಯಲ್ಲಿ ಜಜ್ಜಿದರೆ ಬೆಂಕಿ ಹತ್ತಬಹುದು. ಬೆಲ್ಜಿಯಂ 2025ರ ಜನವರಿ 1ರಿಂದ, ಬ್ರಿಟನ್ ಅದೇ ವರ್ಷ ಜೂನ್ 1ರಿಂದ ಅಂಥವುಗಳ ಮಾರಾಟ ನಿಲ್ಲಿಸಿದವು. ಒಳ್ಳೆಯ ಕೆಲಸ. ನಿಮ್ಮ ಹತ್ತಿರ ಹಳೆಯವು ಉಳಿದಿದ್ದರೆ ಮನೆಯ ಕಸಕ್ಕೆ ಹಾಕಬೇಡಿ, ಎಲೆಕ್ಟ್ರಾನಿಕ್ ಕಸ ತೆಗೆದುಕೊಳ್ಳುವಲ್ಲಿ ಕೊಡಿ. ಬಿಚ್ಚಿ ಮತ್ತೆ ತುಂಬಿಸುವ ಸಾಹಸವೂ ಬೇಡ.

ಅದೇ ರೀತಿ, ಬಾಳಿಕೆ ಬೇಕು ಅಂತ ಸತ್ತ ಕಾಯಿಲನ್ನು ಎಳೆದಾಡುವುದೂ ತಪ್ಪು. ರುಚಿ ಮಂಕಾದರೆ ಇನ್ನೂ ಕೆಲವು ದಿನ ನಡೆಸಬಹುದು. ಸೀದ ಘಾಟು ಒಮ್ಮೆ ಬಂದರೆ ಅಲ್ಲಿಗೆ ಮುಗಿಯಿತು. ಕರಕಲಾದ ಹತ್ತಿಯನ್ನು ಯಾವ ನೀರೂ ಬಿಳಿ ಮಾಡುವುದಿಲ್ಲ. ತೆಗೆದ ಕಾಯಿಲಿನಲ್ಲೂ, ಟಿಶ್ಯೂ ಮೇಲೂ ನಿಕೋಟಿನ್ ಉಳಿದಿರುತ್ತದೆ. ಅದು ಚರ್ಮದ ಮೂಲಕವೂ ಮೈಗೆ ಸೇರುತ್ತದೆ. ಕೈ ತೊಳೆದುಕೊಳ್ಳಿ, ಮಕ್ಕಳ, ಸಾಕುಪ್ರಾಣಿಗಳ ಕೈಗೆ ಬಾಯಿಗೆ ಸಿಗದ ಹಾಗೆ ಇಡಿ. ದ್ರವದ ಬಾಟಲಿಗೂ ಇದೇ ಮಾತು.

ಇದನ್ನು ಬರೆಯುತ್ತಿರುವಾಗ ನನ್ನ ನಾಲ್ಕು ವರ್ಷ ಹಳೆಯ ಅಟಾಮೈಸರ್ ಮೇಜಿನ ಮೇಲಿದೆ. ಬೆಳಿಗ್ಗೆ ತೊಳೆದು ಒಣಗಿಸಿದೆ, ಈಗಷ್ಟೇ ಹೊಸ ಹತ್ತಿ ಹಾಕಿ ದ್ರವ ಬಿಟ್ಟೆ. ಗಾಜಿನೊಳಗೆ ಸಣ್ಣ ಗುಳ್ಳೆಗಳು ಒಂದೊಂದಾಗಿ ಮೇಲೇಳುತ್ತಿವೆ. ಹತ್ತಿ ಇನ್ನೂ ಕುಡಿಯುತ್ತಿದೆ. ಇನ್ನೂ ಐದು ನಿಮಿಷ ಬಿಡಬೇಕು.