ಟೋಕಿಯೋದಲ್ಲಿ ಕುರಿ ಕಾದ ಪ್ರಸಂಗ

"ಓದ್ದೇ ಹೋದ್ರೆ ಕುರಿ ಕಾಯೋಕೆ ಕಳಿಸ್ತೀನಿ" ಅಂತ ಅಪ್ಪ ಹೆದರಿಸಿದ್ದಕ್ಕೇ ನಾನು ಎಂಜಿನಿಯರಿಂಗ್ ಮುಗಿಸಿದ್ದು. ಶಿರಾ ಕಡೆಯಲ್ಲಿ ಇದು ಬಾಯಿಮಾತಿನ ಬೆದರಿಕೆಯಲ್ಲ, ಕುರಿಗಳು ನಿಜವಾಗಿಯೂ ಇರುತ್ತವೆ. ಓದಿದೆ, ಕೆಲಸ ಹಿಡಿದೆ, ಟೋಕಿಯೋಗೆ ಬಂದು ನಮ್ಮ ದೇಶದವರೇ ತುಂಬಿಕೊಂಡಿರುವ ನಿಶಿ-ಕಸಾಯಿಯಲ್ಲಿ ಮನೆ ಮಾಡಿದೆ. ಆಮೇಲೆ ನಾಲ್ಕು ದಿನ ಕುರಿ ಕಾದೆ. ಅದೂ ಹೆಸರಲ್ಲೇ ಕಸಾಯಿ ಇರುವ ಊರಲ್ಲಿ.

ಕುರಿ ಅನ್ನೋದು ಪಕ್ಕದ ಮನೆ ಅಜ್ಜಿಯ ನಾಯಿ. ಜಪಾನಿ ಭಾಷೆಯಲ್ಲಿ ಕುರಿ ಅಂದರೆ ಚೆಸ್ಟ್‌ನಟ್ ಕಾಯಿ. ಕೆಂಗಂದು ಬಣ್ಣದ ನಾಯಿಗೆ ಒಪ್ಪುವ ಹೆಸರೇ. ಅಜ್ಜಿ ಮಗಳ ಮನೆಗೆ ಹೊರಟವರು, ನನ್ನ ಕೈಗೆ ಹಗ್ಗ ಕೊಟ್ಟು, ಎರಡು ಸಲ ಬಗ್ಗಿ ನಮಸ್ಕರಿಸಿ ಹೋದರು. ಬೇಡ ಅನ್ನುವಷ್ಟು ಜಪಾನಿ ನನಗೆ ಬರುತ್ತಿರಲಿಲ್ಲ.

ಅವತ್ತು ಸಂಜೆ ಅಮ್ಮನ ಫೋನ್ ಬಂದಾಗ ನಾನು "ಕುರಿ, ಬಾ! ಕುರಿ, ಕೂತ್ಕೋ!" ಅಂತ ಕೂಗುತ್ತಿದ್ದೆ.

"ಅಷ್ಟು ದೂರ ಹೋಗಿ ಕುರಿ ಸಾಕ್ಕೊಂಡಿದ್ದೀಯೇನೋ?"

ಹಿಂದಿನಿಂದ ಅಪ್ಪನ ದನಿ: "ಬನ್ನೂರು ತಳಿನಾ ಕೇಳು."

ನಾಯಿ, ತಳಿ ಶಿಬಾ ಅಂತ ವಿವರಿಸಿ, ವಿಡಿಯೋದಲ್ಲಿ ತೋರಿಸಿದೆ. ನೋಡಲು ನರಿಯ ಹಾಗೆ. ಮೂರು ಮೂಲೆಯ ನೆಟ್ಟಗಿನ ಕಿವಿ, ಓರೆಗಣ್ಣು, ಮೈಯೆಲ್ಲ ಕೆಂಪು. ಕೆನ್ನೆ, ಎದೆ, ಹೊಟ್ಟೆಯ ಕಡೆ ಮಾತ್ರ ಹಿಟ್ಟಿನ ಡಬ್ಬಕ್ಕೆ ಬಿದ್ದು ಎದ್ದ ಹಾಗೆ ಬಿಳಿ. ಆ ಬಿಳುಪಿಗೆ 'ಉರಾಜಿರೋ' ಅಂತಲೇ ಹೆಸರಿದೆ, ಅದಿಲ್ಲದಿದ್ದರೆ ಒಳ್ಳೆಯ ಶಿಬಾ ಅಲ್ಲವಂತೆ. ಹೆಣ್ಣು ಶಿಬಾ ಮೊಣಕಾಲೆತ್ತರಕ್ಕಿಂತ ಚೂರು ಕಮ್ಮಿ, 35ರಿಂದ 38 ಸೆಂ.ಮೀ. ಜಪಾನಿನ ಆರು ನಾಡತಳಿಗಳಲ್ಲಿ ಇದೇ ಕುಳ್ಳು. ಶಿಬುಯಾ ಸ್ಟೇಷನ್ನಿನಲ್ಲಿ ಒಡೆಯನಿಗಾಗಿ ಕಾದ ಹಾಚಿಕೋ ಇದಲ್ಲ, ಅದು ಅಕಿತಾ, ದೊಡ್ಡದು. ಕುರಿಯನ್ನು ನೋಡಿದರೆ ಯಾರಿಗೂ ಕಾಯುವ ಪೈಕಿ ಅನ್ನಿಸುವುದಿಲ್ಲ.

"ಬಾಲ ಡೊಂಕಲ್ವೇನೋ" ಅಂದರು ಅಮ್ಮ. ಅಲ್ಲೇ ಇರೋದು ಮಜಾ. ನಾವು ನಾಯಿ ಬಾಲದ ಡೊಂಕನ್ನು ಹಿಡಿದು ತಲೆತಲಾಂತರದಿಂದ ಆಡಿಕೊಂಡು ಬಂದಿದ್ದೇವೆ. ಇವರು ಅದನ್ನು ನಿಯಮ ಮಾಡಿ ಬರೆದಿಟ್ಟಿದ್ದಾರೆ: ಬೆನ್ನ ಮೇಲೆ ಸುರುಳಿ ಸುತ್ತಿರಬೇಕು, ಇಲ್ಲವೇ ಕುಡುಗೋಲಿನ ಹಾಗೆ ಬಾಗಿರಬೇಕು. ನೆಟ್ಟಗಾಯಿತೋ, ಪ್ರದರ್ಶನಕ್ಕೆ ನಾಲಾಯಕ್ಕು.

ಮಾರನೆ ಬೆಳಿಗ್ಗೆ ವಾಕಿಂಗ್. ಒಂದು ಕೈಯಲ್ಲಿ ಹಗ್ಗ, ಇನ್ನೊಂದರಲ್ಲಿ ಕಕ್ಕ ಎತ್ತುವ ಚೀಲ, ಉಚ್ಚೆ ಹೊಯ್ದಲ್ಲಿ ಸುರಿಯಲು ನೀರಿನ ಬಾಟಲಿ. ಊರಲ್ಲಿ ತಂಬಿಗೆ ಹಿಡಿದು ಬಯಲಿಗೆ ಹೋಗುತ್ತಿದ್ದ ನಮ್ಮ ತಾತನ ನೆನಪಾಯಿತು. ಸ್ಟೇಷನ್ ಹತ್ತಿರದ ಕ್ರಾಸಿಂಗಿನಲ್ಲಿ ಹಸಿರು ದೀಪ ಬಿತ್ತು, ಹೊರಟೆವು. ನಟ್ಟನಡುವೆ ಕುರಿ ಕೂತುಬಿಟ್ಟಿತು.

ಎಳೆದೆ. ಕತ್ತಿನ ಪಟ್ಟಿ ಮೇಲೆ ಸರಿದು ಕೆನ್ನೆಯ ಮಾಂಸವೆಲ್ಲ ಮುಂದಕ್ಕೆ ಬಂದು ಮುಖ ಉಬ್ಬಿದ ಪೂರಿಯಾಯಿತು. ನಾಯಿ ಮಾತ್ರ ಇಂಚೂ ಕದಲಲಿಲ್ಲ. ಇದಕ್ಕೂ ಇಲ್ಲಿ ಹೆಸರಿದೆ, 'ಕ್ಯೋಹಿ-ಶಿಬಾ', ಒಲ್ಲೆನೆನ್ನುವ ಶಿಬಾ. ದೀಪ ಮಿನುಗತೊಡಗಿತು. ಒಬ್ಬ ಡ್ರೈವರೂ ಹಾರನ್ ಹೊಡೆಯಲಿಲ್ಲ, ಅದೇ ಹೆಚ್ಚು ಅವಮಾನ. ಕೊನೆಗೆ ಎಂಟು ಕೆ.ಜಿ. ಅಕ್ಕಿ ಮೂಟೆಯ ಹಾಗೆ ಬಗಲಿಗೆ ಏರಿಸಿಕೊಂಡೆ.

ಆಗ ಅದು ಕಿರುಚಿತು ನೋಡಿ! ಬೊಗಳಲಿಲ್ಲ, ಕಿರುಚಿತು. ಮುಟ್ಟಿದ್ದು ಹಿಡಿಸದಿದ್ದರೆ ಶಿಬಾಗಳು ಹೆಂಗಸರು ಚೀರಿಕೊಂಡ ಹಾಗೆಯೇ ಕೂಗುತ್ತವೆ ಅನ್ನೋದು ಕ್ರಾಸಿಂಗ್ ದಾಟುವ ಮುಂಚೆ ನನಗೆ ಗೊತ್ತಿರಲಿಲ್ಲ. ಸ್ಟೇಷನ್ ಎದುರಿನ ಜನವೆಲ್ಲ ತಿರುಗಿದರು. "ಗೊಮೆನ್ನಸಾಯ್, ಗೊಮೆನ್ನಸಾಯ್" ಎಂದು ಕಂಡಕಂಡವರಿಗೆಲ್ಲ ಕ್ಷಮೆ ಕೇಳುತ್ತ ಓಡಿದೆ. ಫುಟ್‌ಪಾತಿನಲ್ಲಿ ಇಳಿಸಿದ ಮೇಲೆ ಕುರಿ ಮೈ ಕೊಡವಿ, ನನ್ನನ್ನು ಓರೆಗಣ್ಣಲ್ಲಿ ನೋಡಿತು. 2010ರಲ್ಲಿ ಚಿಬಾದ ಕಬೋಸು ಅನ್ನುವ ಶಿಬಾ ಹಾಗೆ ನೋಡಿದ ಒಂದು ಫೋಟೋ ಜಗತ್ತೆಲ್ಲ ಸುತ್ತಿ, ಡೋಜ್‌ಕಾಯಿನ್ ಅನ್ನುವ ದುಡ್ಡಾಯಿತು. ನನಗೆ ಸಿಕ್ಕಿದ್ದು ನೋಟ ಮಾತ್ರ.

ಅವತ್ತು ರಾತ್ರಿ ಜಡಿಮಳೆ. ಶಿಬಾಗಳ ಮಡಿವಂತಿಕೆ ನಮ್ಮ ಅಜ್ಜಿಯದಕ್ಕಿಂತ ಜೋರು, ಎಷ್ಟೋ ಶಿಬಾಗಳು ಪ್ರಾಣ ಹೋದರೂ ಮನೆಯೊಳಗೆ ಉಚ್ಚೆ ಮಾಡುವುದಿಲ್ಲ. ಕುರಿಯೂ ಆ ಪಂಗಡದ್ದೇ. ಎರಡು ಗಂಟೆಗೆ ಬಾಗಿಲು ಕೆರೆಯಿತು. ಕೊಡೆ ನಾಯಿಯ ಮೇಲೆ, ಮಳೆ ನನ್ನ ಮೇಲೆ. ಮಹಾರಾಣಿ ಹನ್ನೊಂದು ಕಂಬ ಮೂಸಿ ಹನ್ನೆರಡನೆಯದನ್ನು ಒಪ್ಪಿದಳು. ಒಳಗೆ ಬರುವಾಗ ಪಾದ ಒರೆಸಬೇಕಲ್ಲ, ಒರೆಸಲು ಹೋದೆ. ಮತ್ತೆ ಆ ಕಿರುಚು. ಮೇಲಿನ ಮಹಡಿಯಲ್ಲಿ ದೀಪ ಹತ್ತಿತು.

ಶನಿವಾರ ಅಜ್ಜಿ ಬಂದರು. ಕ್ರಾಸಿಂಗಿನ ಕತೆಯನ್ನು ಅರೆಬರೆ ಜಪಾನಿಯಲ್ಲಿ, ಉಳಿದದ್ದನ್ನು ಅಭಿನಯಿಸಿ ಹೇಳಿದೆ. ಅವರಿಗೆ ಬೇಜಾರಾಗುವ ಬದಲು ಹೆಮ್ಮೆಯಾಯಿತು. ಇದು ಬೆಟ್ಟದ ಪೊದೆಗಳಲ್ಲಿ ಹಕ್ಕಿ, ಸಣ್ಣ ಪ್ರಾಣಿ ಎಬ್ಬಿಸುತ್ತಿದ್ದ ಬೇಟೆನಾಯಿಯಂತೆ. ಪರದೇಶದ ನಾಯಿಗಳ ಜೊತೆ ಬೆರೆತು ತಳಿ ಕರಗುತ್ತಿದೆ ಅಂತ 1928ರಲ್ಲಿ ಸಂರಕ್ಷಣಾ ಸಂಘ ಕಟ್ಟಿದರು, 1936ರಲ್ಲಿ ಸರ್ಕಾರ ಇದನ್ನು ನಿಸರ್ಗ ಸ್ಮಾರಕ ಅಂತ ಸಾರಿತು. ಅಂದರೆ ನಾನು ನಡುರಸ್ತೆಯಲ್ಲಿ ಎಳೆದಾಡಿದ್ದು ಒಂದು ಸ್ಮಾರಕವನ್ನು! ಮಹಾಯುದ್ಧ, ಅದರ ಹಿಂದೆಯೇ ಡಿಸ್ಟೆಂಪರ್ ರೋಗ, ಎರಡೂ ಸೇರಿ ವಂಶವೇ ಅಳಿಯುವ ಹಾಗಾಗಿತ್ತು. ಈಗಿನ ಶಿಬಾಗಳ ವಂಶಾವಳಿ ಕೆದಕಿದರೆ ಬಹುತೇಕ ಸಿಗುವ ಮೂಲಪುರುಷ ಶಿಮಾನೆ ಕಡೆಯ ಒಂದು ಬೇಟೆನಾಯಿ. ಹೆಸರು ಇಷಿ. ನಾವು ಮಕ್ಕಳಿಗೆ ಹೇಳುವ 'ಇಶ್ಶಿ' ಅಲ್ಲ. ಇಷಿ ಅಂದರೆ ಕಲ್ಲು.

ಕ್ರಾಸಿಂಗಿನಲ್ಲಿ ಕೂತದ್ದು ಯಾಕೆ ಅಂತ ಆಗ ಹೊಳೆಯಿತು.

ಅಜ್ಜಿ ಮತ್ತೆರಡು ಸಲ ಬಗ್ಗಿ, ಚೆಸ್ಟ್‌ನಟ್ ಹೂರಣದ ಸಿಹಿಯ ಡಬ್ಬಿಯೊಂದನ್ನು ಕೈಗಿತ್ತರು. ಕುರಿ ಬಾಲದ ಸುರುಳಿ ಕುಣಿಸುತ್ತ ಅವರ ಹಿಂದೆ ಓಡಿತು. ನನ್ನ ಕಡೆ ತಿರುಗಲಿಲ್ಲ. ನಾನು ಡಬ್ಬಿ ಬಿಚ್ಚಿ ಬಾಯಿಗಿಟ್ಟಾಗ ಅಮ್ಮನ ಫೋನು.

"ಏನ್ಮಾಡ್ತಿದ್ದೀಯೋ?"

"ಕುರಿ ತಿಂತಾ ಇದ್ದೀನಿ."

ಆ ಕಡೆ ಒಂದು ಕ್ಷಣ ಉಸಿರೇ ಇಲ್ಲ. ಆಮೇಲೆ:

"ಅಯ್ಯೋ ಪಾಪಿ! ಅದೂ ಶನಿವಾರ!"