ಸೌಟು ಹಿಡಿದ ಕೈಯ ಕವಿತೆ

ಒಡಿಶಾದ ಕವಿ ಹಲಧರ್ ನಾಗ್ ಅವರ ಬಗ್ಗೆ ನೀವು ಲೇಖನ ಬರೆದಿದ್ದಕ್ಕೆ ತುಂಬಾ ಖುಷಿಯಾಯಿತು. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವರಿಗೆ 2016ರಲ್ಲಿ ಪದ್ಮಶ್ರೀ ಬಂತು ಅನ್ನುವುದನ್ನು ಎಲ್ಲರೂ ಹೇಳುತ್ತಾರೆ. ನನ್ನನ್ನು ಜಾಸ್ತಿ ಕಾಡುವುದು ನಡುವಿನ ವರ್ಷಗಳು. ಹತ್ತರ ವಯಸ್ಸಿಗೆ ಅಪ್ಪ ತೀರಿಕೊಂಡರು. ಮಿಠಾಯಿ ಅಂಗಡಿಯಲ್ಲಿ ಪಾತ್ರೆ ತೊಳೆದರು. ಆಮೇಲೆ ಶಾಲೆಯೊಂದರಲ್ಲಿ 16 ವರ್ಷ ಅಡುಗೆ. ಕೈಯಲ್ಲಿ ಸೌಟು, ಮುಖಕ್ಕೆ ಒಲೆಯ ಬಿಸಿ, ಬಾಯಲ್ಲಿ ಮನೆಮಾತು. ಪಶ್ಚಿಮ ಒಡಿಶಾದ ಆ ಸಂಬಲ್‌ಪುರಿ ಭಾಷೆಯಲ್ಲೇ ಬರೆದರು. ಹಳೇ ಆಲದ ಮರದ ಮೇಲಿನ ಮೊದಲ ಕವಿತೆ ಅಚ್ಚಾಗಿದ್ದು 1990ರಲ್ಲಿ. ಆಗ ಅವರಿಗೆ ನಲವತ್ತು!

ಲೇಖನದಲ್ಲಿ ಒಂದು ಮಾತು ಬಿಟ್ಟುಹೋಗಿದೆ. ತಾವು ಬರೆದದ್ದೆಲ್ಲ ಅವರಿಗೆ ಬಾಯಿಪಾಠ. ಹಾಳೆ ನೋಡದೆ ಹೇಳುತ್ತಾರೆ. ಇದು ಸುಮ್ನೆ ನೆನಪಿನ ಶಕ್ತಿ ಅಂತ ನನಗೆ ಅನ್ನಿಸುವುದಿಲ್ಲ. ಅಕ್ಷರ ಬಾರದವರ ಕಿವಿಗೂ ಮುಟ್ಟಬೇಕಾದ ಕವಿತೆ ನಾಲಿಗೆ ಮೇಲೇ ಇರಬೇಕು, ಅಲ್ವಾ? ಊರ್ಮಿಳೆಯ ಮೇಲೂ ಅವರದೊಂದು ಕಾವ್ಯವಿದೆ. ಲಕ್ಷ್ಮಣ ಕಾಡಿಗೆ ಹೋದಾಗ ಅರಮನೆಯಲ್ಲೇ ಉಳಿದುಹೋದವಳು. ಅವಳ ಕಡೆ ತಿರುಗಿ ನೋಡಿದ್ದಾರಲ್ಲ, ಅದಕ್ಕೇ ಅವರೆಂದರೆ ನನಗೆ ಅಷ್ಟು ಪ್ರೀತಿ.

ಸಾಧ್ಯವಾದರೆ ಅವರ ನಾಲ್ಕು ಸಾಲುಗಳ ಕನ್ನಡ ಅನುವಾದವನ್ನೂ ಹಾಕಿ. ಅವರ ದನಿಯಲ್ಲೇ ಇರುವ ಆಡಿಯೋ ಸಿಕ್ಕರೆ ಇನ್ನೂ ಒಳ್ಳೆಯದು.